ಹತ್ತು ನಿಮಿಷದ ಮೌನ

ದೂರದಲ್ಲಿ ಕೂತು ನೆಟ್‌ವರ್ಕ್ ಸ್ವಿಚ್‌ಗಳ ಸೆಟ್ಟಿಂಗ್ ಬದಲಾಯಿಸೋ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ಒಂದು ಸಣ್ಣ ಕಮಾಂಡ್ ಇದೆ: ‘ರಿಲೋಡ್ ಇನ್ 10’. ಇಷ್ಟೇ. ಎಂಟರ್ ಒತ್ತಿ, ‘ಖಚಿತವೇ?’ ಎಂದು ಕೇಳಿದ್ದಕ್ಕೆ ಹೂಂ ಅಂದರೆ, ಆ ಸ್ವಿಚ್ ಈಗಲೇ ರೀಸ್ಟಾರ್ಟ್ ಆಗೋದಿಲ್ಲ. ಇನ್ನು ಹತ್ತು ನಿಮಿಷಕ್ಕೆ ಆಗುತ್ತೆ. ಅಷ್ಟರೊಳಗೆ ನಾವು ಮತ್ತೆ ಬಂದು ‘ರಿಲೋಡ್ ಕ್ಯಾನ್ಸಲ್’ ಅಂತ ಹೊಡೆದರೆ ರೀಸ್ಟಾರ್ಟ್ ರದ್ದು. ಬರದೇ ಇದ್ದರೆ ಅದು ತನ್ನ ಪಾಡಿಗೆ ತಾನು ಬಿದ್ದು ಎದ್ದು ಹಳೆಯ ಸ್ಥಿತಿಗೆ ಹೋಗುತ್ತೆ.

ಸ್ವಿಚ್ ಅಂದರೆ ಗೋಡೆ ಮೇಲಿನ ಲೈಟಿನ ಸ್ವಿಚ್ ಅಲ್ಲ. ನಿಮ್ಮ ಆಫೀಸಿನ ಪ್ರತಿ ಮಹಡಿಯಲ್ಲೂ ಬೀಗ ಹಾಕಿದ ಒಂದು ಪುಟ್ಟ ಕೋಣೆ ಇರುತ್ತಲ್ಲ, ಒಳಗೆ ಫ್ಯಾನಿನ ಸದ್ದು, ನೀಲಿ ಕೇಬಲ್‌ಗಳ ಗೊಂಚಲು, ಮಿಣುಕುವ ಹಸಿರು ದೀಪಗಳು, ಅಲ್ಲಿ ಕೂತಿರುವ ಡಬ್ಬಿ ಅದು. ನಿಮ್ಮ ಮೇಜಿನ ಫೋನು, ವೈಫೈ, ಬಾಗಿಲ ಹತ್ತಿರದ ಕ್ಯಾಮೆರಾ ಎಲ್ಲದರ ದಾರಿಯೂ ಅದರ ಮೂಲಕವೇ.

ನಾನು ಇರೋದು ಬೆಂಗಳೂರಿನಲ್ಲಿ. ನಾನು ಸೆಟ್ಟಿಂಗ್ ಬದಲಾಯಿಸುವ ಸ್ವಿಚ್ ಇನ್ನೊಂದು ಊರಲ್ಲೋ ಇನ್ನೊಂದು ದೇಶದಲ್ಲೋ ಇರುತ್ತೆ. ನಾನು ಅದನ್ನು ತಲುಪೋದೂ ಅದೇ ನೆಟ್‌ವರ್ಕಿನ ಮೂಲಕ. ಅಂದರೆ ಯಾವ ಕೊಂಬೆಯ ಮೇಲೆ ಕೂತಿದ್ದೀನೋ ಅದೇ ಕೊಂಬೆಗೆ ಗರಗಸ ಹಾಕೋ ಕೆಲಸ. ಸ್ವಲ್ಪ ಆಚೀಚೆ ಆದರೆ ಕೊಂಬೆ ಮುರಿಯುತ್ತೆ, ಪರದೆ ಹಾಗೇ ನಿಂತುಬಿಡುತ್ತೆ. ಆಮೇಲೆ ಎಷ್ಟು ಟೈಪ್ ಮಾಡಿದರೂ ಅತ್ತ ಕಡೆ ಕೇಳಿಸೋದಿಲ್ಲ.

ಎಷ್ಟು ಆಚೀಚೆ? ಒಂದು ಉದಾಹರಣೆ. ಎರಡು ಸ್ವಿಚ್‌ಗಳ ನಡುವಿನ ಮುಖ್ಯ ಕೇಬಲ್ಲಿಗೆ ಟ್ರಂಕ್ ಅಂತಾರೆ. ಅದರ ಮೇಲೆ ಹಲವು ವಿಲ್ಯಾನ್‌ಗಳು, ಅಂದರೆ ಒಂದೇ ರಸ್ತೆಯ ಬೇರೆ ಬೇರೆ ಲೇನ್‌ಗಳು, ಓಡಾಡುತ್ತವೆ. ಹೊಸದಾಗಿ 30ನೇ ಲೇನ್ ಸೇರಿಸಬೇಕು ಅಂದರೆ ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೋಡ್ ವಿಲ್ಯಾನ್ ಆ್ಯಡ್ 30’ ಅನ್ನಬೇಕು. ಇದರಲ್ಲಿ ‘ಆ್ಯಡ್’ ಎಂಬ ಒಂದು ಪದ ಬಿಟ್ಟರೆ ಯಂತ್ರ ಬೈಯೋದಿಲ್ಲ, ಎಚ್ಚರಿಸೋದೂ ಇಲ್ಲ. ‘30 ಒಂದನ್ನು ಮಾತ್ರ ಬಿಡು, ಮಿಕ್ಕಿದ್ದೆಲ್ಲ ತೆಗೆ’ ಎಂದು ಅರ್ಥ ಮಾಡಿಕೊಂಡು ಹೇಳಿದ ಹಾಗೆ ಮಾಡುತ್ತೆ. ನೀವು ಬಂದ ಲೇನೂ ಆ ಮಿಕ್ಕಿದ್ದರಲ್ಲೇ ಇದ್ದರೆ ಮುಗೀತು. ಈ ಕಸುಬಿನಲ್ಲಿ ಇದು ಎಷ್ಟು ಹಳೆಯ ಕಥೆ ಅಂದರೆ, ಹೊಸಬರಿಗೆ ಮೊದಲ ವಾರವೇ ಹೇಳಿಕೊಡ್ತಾರೆ.

ಹಾಗಾಗಿ ಈ ಟೈಮರ್. ಸ್ವಿಚ್‌ನಲ್ಲಿ ಎರಡು ಪ್ರತಿಗಳಿರುತ್ತವೆ. ಒಂದು ಈಗ ಓಡುತ್ತಿರುವ ಸೆಟ್ಟಿಂಗು, ಕರೆಂಟ್ ಹೋದರೆ ಅಳಿಸಿಹೋಗುವ ಮೆಮೊರಿಯಲ್ಲಿ. ಇನ್ನೊಂದು ಬರೆದಿಟ್ಟ ಸೆಟ್ಟಿಂಗು, ಕರೆಂಟ್ ಹೋದರೂ ಉಳಿಯುವ ಮೆಮೊರಿಯಲ್ಲಿ. ಬದಲಾವಣೆಯನ್ನು ಮೊದಲನೆಯದರಲ್ಲಿ ಮಾತ್ರ ಮಾಡಿ, ಸೇವ್ ಮಾಡದೆ ನೋಡ್ತೀವಿ. ಎಲ್ಲ ಸರಿ ಇದ್ದರೆ ಟೈಮರ್ ರದ್ದು ಮಾಡಿ ಸೇವ್ ಮಾಡ್ತೀವಿ. ಸಂಪರ್ಕ ಕಡಿದುಹೋದರೆ ಕೈಕಟ್ಟಿ ಕಾಯ್ತೀವಿ. ಹತ್ತನೇ ನಿಮಿಷಕ್ಕೆ ಸ್ವಿಚ್ ಬಿದ್ದು, ಬರೆದಿಟ್ಟ ಪ್ರತಿಯನ್ನು ಓದಿಕೊಂಡು, ಮೊದಲಿನ ಹಾಗೆ ಎದ್ದು ಬರುತ್ತೆ. ಬೇರೆ ಕಂಪನಿಯ ಯಂತ್ರಗಳಲ್ಲಿ ಇದೇ ಉಪಾಯ ಇನ್ನೂ ನಯವಾಗಿದೆ. ಜುನಿಪರ್‌ನಲ್ಲಿ ‘ಕಮಿಟ್ ಕನ್ಫರ್ಮ್ಡ್’ ಅಂದರೆ ಯಂತ್ರ ರೀಸ್ಟಾರ್ಟೇ ಆಗದೆ, ಹತ್ತು ನಿಮಿಷದಲ್ಲಿ ನೀವು ಮತ್ತೆ ಖಚಿತಪಡಿಸದಿದ್ದರೆ ಸೆಟ್ಟಿಂಗನ್ನಷ್ಟೇ ಹಿಂದಕ್ಕೆ ತಿರುಗಿಸುತ್ತೆ. ನಿಮಗೂ ಇದು ಪರಿಚಯವೇ. ವಿಂಡೋಸ್‌ನಲ್ಲಿ ಪರದೆಯ ರೆಸಲ್ಯೂಶನ್ ಬದಲಾಯಿಸಿದಾಗ ‘ಈ ಬದಲಾವಣೆ ಇರಲಾ?’ ಎಂದು ಕೇಳಿ 15 ಸೆಕೆಂಡ್ ಎಣಿಸೋದಿಲ್ವಾ? ಪರದೆ ಕಪ್ಪಾಗಿ ನಿಮಗೆ ಏನೂ ಕಾಣದೇ ಹೋದರೆ ನೀವು ಉತ್ತರ ಕೊಡೋಕಾಗಲ್ಲ. ಉತ್ತರ ಬರದಿದ್ದರೆ ಅದು ‘ಬೇಡ’ ಅಂದುಕೊಳ್ಳುತ್ತೆ.

ಇಲ್ಲಿವರೆಗೆ ಬರೀ ಟೆಕ್ನಿಕ್ಕು. ಆದರೆ ಈ ಟೆಕ್ನಿಕ್ಕಿನ ಒಳಗೆ ಒಂದು ನೈತಿಕ ಪ್ರಶ್ನೆ ಕೂತಿದೆ ಅಂತ ನನಗೆ ಅನ್ನಿಸೋಕೆ ಶುರುವಾಗಿದ್ದು ಇಬ್ಬರು ಕೇಳಿದ ಎರಡು ಪ್ರಶ್ನೆಗಳಿಂದ.

ಮೊದಲನೆಯವನು ಟೀಮಿಗೆ ಹೊಸದಾಗಿ ಸೇರಿದ ಹುಡುಗ. ಚುರುಕು, ಕೈ ಚೆನ್ನಾಗಿದೆ. ನಾನು ಟೈಮರ್ ಹಾಕೋದನ್ನು ನೋಡಿ, ‘ಸಾರ್, ಇಷ್ಟು ವರ್ಷ ಆದ್ಮೇಲೂ ನಿಮಗೆ ನಿಮ್ಮ ಕೈ ಮೇಲೆ ನಂಬಿಕೆ ಇಲ್ವಾ?’ ಅಂದ. ಕುಚೋದ್ಯ ಅಲ್ಲ, ನಿಜವಾಗಿ ಕೇಳಿದ್ದು. ಅವನ ವಾದ ಹೀಗೆ: ತಪ್ಪಾಗುತ್ತೆ ಅಂತ ಮೊದಲೇ ಏರ್ಪಾಡು ಮಾಡಿಕೊಂಡ ಮನುಷ್ಯ ಎಚ್ಚರ ತಪ್ಪುತ್ತಾನೆ. ಕೆಳಗೆ ಬಲೆ ಇದೆ ಅಂತ ಗೊತ್ತಿದ್ದವನು ಹಗ್ಗದ ಮೇಲೆ ಸರಿಯಾಗಿ ಹೆಜ್ಜೆ ಇಡೋದಿಲ್ಲ. ಜವಾಬ್ದಾರಿ ಅಂದರೆ ತಪ್ಪು ಮಾಡದೇ ಇರೋದು, ತಪ್ಪಿಗೆ ಇನ್ಶೂರೆನ್ಸ್ ಮಾಡಿಸೋದಲ್ಲ.

ಈ ವಾದದಲ್ಲಿ ಹುರುಳಿದೆ, ತಳ್ಳಿಹಾಕುವಂಥದ್ದಲ್ಲ. ಆದರೆ ಅದು ಒಂದು ವಿಷಯ ಮರೆಯುತ್ತೆ. ಕೌಶಲ ಹೆಚ್ಚಿದಷ್ಟೂ ತಪ್ಪುಗಳು ಕಮ್ಮಿ ಆಗ್ತವೆ, ಸೊನ್ನೆ ಆಗೋದಿಲ್ಲ. ನಾಸಾದ ವಾಯೇಜರ್ 2 ನೌಕೆಯನ್ನೇ ನೋಡಿ. 1977ರಲ್ಲಿ ಹಾರಿಸಿದ್ದು. 2023ರ ಜುಲೈ 21ರಂದು ಭೂಮಿಯಿಂದ ಕಳಿಸಿದ ಒಂದು ಸರಣಿ ಕಮಾಂಡುಗಳಿಂದಾಗಿ ಅದರ ಆಂಟೆನಾ ಭೂಮಿಯ ದಿಕ್ಕಿನಿಂದ 2 ಡಿಗ್ರಿ ಆಚೆ ತಿರುಗಿಬಿಡ್ತು. ಎರಡೇ ಡಿಗ್ರಿ! ಆದರೆ ಸುಮಾರು 1,990 ಕೋಟಿ ಕಿಲೋಮೀಟರ್ ದೂರದಲ್ಲಿ ಎರಡು ಡಿಗ್ರಿ ಅಂದರೆ ಮಾತೇ ನಿಂತ ಹಾಗೆ. ಆ ನೌಕೆಯನ್ನು ನಡೆಸುವವರು ಜಗತ್ತಿನ ಅತ್ಯಂತ ಜಾಗರೂಕ ಇಂಜಿನಿಯರುಗಳು. ಅವರನ್ನು ‘ನಂಬಿಕೆ ಇಲ್ಲದವರು’ ಅನ್ನೋಕಾಗುತ್ತಾ? ಗಾಬರಿ ಆಗದಿರೋಕೆ ಅವರಿಗೆ ಒಂದು ಕಾರಣ ಇತ್ತು. ವರ್ಷಕ್ಕೆ ಹಲವು ಬಾರಿ ತನ್ನಷ್ಟಕ್ಕೇ ದಿಕ್ಕು ಸರಿಪಡಿಸಿಕೊಂಡು ಭೂಮಿಯ ಕಡೆ ತಿರುಗುವಂತೆ ನೌಕೆಯಲ್ಲಿ ಮೊದಲೇ ಬರೆದಿಟ್ಟಿದ್ದರು. ಮುಂದಿನ ಸರದಿ ಅಕ್ಟೋಬರ್ 15ಕ್ಕೆ ಇತ್ತು. ಕೊನೆಗೆ ಅಲ್ಲಿಯವರೆಗೂ ಕಾಯಬೇಕಾಗಲಿಲ್ಲ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದ ದೊಡ್ಡ ಆಂಟೆನಾದಿಂದ ಜೋರಾಗಿ ಒಂದು ಕೂಗು ಹಾಕಿದರು, 37 ಗಂಟೆ ಕಾದರು, ಆಗಸ್ಟ್ 4ರಂದು ನೌಕೆ ಮತ್ತೆ ಮಾತಾಡಿತು. ಆದರೆ ಕೂಗು ಕೇಳಿಸದೇ ಹೋಗಿದ್ದರೂ ಅಕ್ಟೋಬರ್ 15 ಇತ್ತಲ್ಲ, ಅದು ಮುಖ್ಯ.

ಹಾಗಾಗಿ ಹುಡುಗನಿಗೆ ನಾನು ಕೊಟ್ಟ ಉತ್ತರ ಇಷ್ಟು: ನನ್ನ ಕೈ ಮೇಲೆ ನನಗೆ ನಂಬಿಕೆ ಇದೆ. ಆದರೆ ನನ್ನ ಕೈಯಿಂದ ಆಗೋ ನಷ್ಟವನ್ನು ಹೊರೋದು ನಾನಲ್ಲ, ಆ ಕಡೆ ಕೂತಿರೋರು. ಬೇರೆಯವರ ಹೊರೆಯನ್ನು ನನ್ನ ಆತ್ಮವಿಶ್ವಾಸದ ಮೇಲೆ ಪಣಕ್ಕಿಡೋ ಹಕ್ಕು ನನಗಿಲ್ಲ. ಒಬ್ಬನೇ ಹಗ್ಗದ ಮೇಲೆ ನಡೆಯುವವನು ಬಲೆ ಬೇಡ ಅನ್ನಬಹುದು, ಅದು ಅವನ ಕತ್ತು. ಹೆಗಲ ಮೇಲೆ ಮಗು ಇದ್ದರೆ ಹಾಗೆ ಅನ್ನೋಕಾಗಲ್ಲ.

ಈ ಕಮಾಂಡಿನಲ್ಲಿ ನನ್ನನ್ನು ಹೆಚ್ಚು ಸೆಳೆಯೋದು ಬೇರೆಯದು. ಅದು ಮೌನಕ್ಕೆ ಕೊಡುವ ಅರ್ಥ.

ನಮ್ಮಲ್ಲಿ ಒಂದು ಹಳೇ ಮಾತಿದೆ, ಮೌನಂ ಸಮ್ಮತಿ ಲಕ್ಷಣಂ. ಸುಮ್ಮನಿದ್ದರೆ ಒಪ್ಪಿದ ಹಾಗೆ. ನಮ್ಮ ಆಫೀಸುಗಳೂ ಹೀಗೇ ನಡೆಯೋದು. ಶುಕ್ರವಾರ ಸಂಜೆ ಆರೂವರೆಗೆ ಒಂದು ಮೇಲ್ ಬರುತ್ತೆ: ‘ಸೋಮವಾರ ಬೆಳಗ್ಗೆಯೊಳಗೆ ಯಾರಿಂದಲೂ ಆಕ್ಷೇಪ ಬರದಿದ್ದರೆ ಒಪ್ಪಿಗೆ ಇದೆ ಎಂದು ಭಾವಿಸಿ ಮುಂದುವರಿಯುತ್ತೇವೆ.’ ಮದುವೆಮನೆಯಲ್ಲಿ ಹುಡುಗಿ ತಲೆತಗ್ಗಿಸಿ ಕೂತಿದ್ದರೆ, ‘ನೋಡಿ, ಅವಳೂ ಒಪ್ಪಿದ್ದಾಳೆ’ ಅಂದುಬಿಡೋ ಕಾಲವೂ ಇತ್ತು. ಪೂರ್ತಿ ಹೋಗಿದೆ ಅಂತ ಹೇಳೋಕಾಗಲ್ಲ. ಸ್ವಿಚ್ಚಿನ ಟೈಮರ್ ಇದನ್ನು ತಿರುಗಿಸಿ ಹಾಕುತ್ತೆ. ಅಲ್ಲಿ ಮೌನ ಅಸಮ್ಮತಿಯ ಲಕ್ಷಣ. ಸುಮ್ಮನಿರೋನು ಒಪ್ಪಿಕೊಂಡು ಸುಮ್ಮನಿರಬಹುದು, ಮಾತಾಡೋಕೆ ಆಗದೆಯೂ ಸುಮ್ಮನಿರಬಹುದು. ಹೊರಗಿನಿಂದ ಎರಡೂ ಒಂದೇ ಥರ ಕಾಣ್ತವೆ. ಗೊತ್ತಾಗದೇ ಇದ್ದಾಗ, ಮಾತಾಡೋಕೆ ಆಗದವನನ್ನು ಕಾಪಾಡೋ ಅರ್ಥವನ್ನೇ ಹಿಡಿ ಅನ್ನೋದು ಆ ಯಂತ್ರದ ನ್ಯಾಯ.

ರೈಲಿನಲ್ಲೂ ಇದೇ ನ್ಯಾಯ. ಜಾರ್ಜ್ ವೆಸ್ಟಿಂಗ್‌ಹೌಸ್ 1872ರಲ್ಲಿ ಪೇಟೆಂಟ್ ಪಡೆದ ಆಟೊಮ್ಯಾಟಿಕ್ ಏರ್ ಬ್ರೇಕ್‌ನಲ್ಲಿ ಗಾಳಿಯ ಒತ್ತಡ ಬ್ರೇಕನ್ನು ಬಿಡಿಸಿ ಹಿಡಿದಿರುತ್ತೆ. ಪೈಪು ಒಡೆದರೆ, ಬೋಗಿ ಕಳಚಿಕೊಂಡರೆ, ಒತ್ತಡ ಇಳಿದು ಬ್ರೇಕ್ ತಾನಾಗೇ ಬೀಳುತ್ತೆ. ಕೆಟ್ಟಾಗ ಓಡೋದಲ್ಲ, ಕೆಟ್ಟಾಗ ನಿಲ್ಲೋದು. ನಮ್ಮ ಇಂಜಿನ್‌ಗಳಲ್ಲೂ ಲೋಕೊ ಪೈಲಟ್ ಸುಮಾರು ಒಂದು ನಿಮಿಷ ಏನನ್ನೂ ಮುಟ್ಟದೇ ಇದ್ದರೆ ಮೊದಲು ದೀಪ ಮಿಣುಕುತ್ತೆ, ಆಮೇಲೆ ಸದ್ದು ಬರುತ್ತೆ, ಆಗಲೂ ಉತ್ತರ ಇಲ್ಲ ಅಂದರೆ ಗಾಡಿ ನಿಲ್ಲುತ್ತೆ. ‘ಎಲ್ಲ ಸರಿ ಇರೋದಕ್ಕೇ ಸುಮ್ಮನಿದ್ದಾನೆ’ ಅಂತ ಆ ಇಂಜಿನ್ ಅಂದುಕೊಳ್ಳೋದಿಲ್ಲ.

ಹಾಗಾದರೆ ಎಲ್ಲ ಕಡೆಯೂ ಮೌನವನ್ನು ‘ಇಲ್ಲ’ ಎಂದೇ ಓದಬೇಕಾ? ಅಷ್ಟು ಸುಲಭವಲ್ಲ, ಯಾಕೆಂದರೆ ಇದೇ ಟೈಮರನ್ನು ನಮ್ಮ ವಿರುದ್ಧವೂ ಇಡ್ತಾರೆ. ನಿಮ್ಮ ಫೋನಿನಲ್ಲಿರೋ ಉಚಿತ ಟ್ರಯಲ್‌ಗಳನ್ನು ನೆನಪಿಸಿಕೊಳ್ಳಿ. ಮೂವತ್ತು ದಿನ ಫ್ರೀ, ಆಮೇಲೆ ನೀವು ಏನೂ ಹೇಳದಿದ್ದರೆ ದುಡ್ಡು ಕಟ್. ಯಂತ್ರದ ರಚನೆ ಒಂದೇ: ಒಂದು ಗಡುವು, ಒಂದು ಮೌನ, ತಾನಾಗೇ ನಡೆಯೋ ಒಂದು ಕ್ರಿಯೆ. ವ್ಯತ್ಯಾಸ ಇರೋದು ಎಲ್ಲಿ? ಸ್ವಿಚ್‌ನಲ್ಲಿ ಟೈಮರ್ ಇಟ್ಟವನೂ ನಾನೇ, ಮಾತು ನಿಂತುಹೋಗಬಹುದಾದವನೂ ನಾನೇ. ಟ್ರಯಲ್‌ನಲ್ಲಿ ಇಟ್ಟವರು ಅವರು, ಮರೆಯಬೇಕಾದವನು ನಾನು, ಮರೆತರೆ ಲಾಭ ಅವರಿಗೆ. ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರ್‌ನಿಂದ ಇಂಥ ಮರುಪಾವತಿಗಳಲ್ಲಿ ದುಡ್ಡು ಕಡಿಯೋಕೆ ಕನಿಷ್ಠ 24 ಗಂಟೆ ಮೊದಲು ತಿಳಿಸಬೇಕು, ಬೇಡ ಅನ್ನೋಕೆ ಅವಕಾಶ ಕೊಡಬೇಕು ಅಂತ ಕಡ್ಡಾಯ ಮಾಡಿದ್ದು ಇದಕ್ಕೇ. ಸ್ವಿಚ್ಚೂ ಹಾಗೇ ಮಾಡುತ್ತೆ. ಇನ್ನು ಐದು ನಿಮಿಷ, ಇನ್ನು ಒಂದು ನಿಮಿಷ ಅಂತ ಪರದೆಯ ಮೇಲೆ ಎಚ್ಚರಿಕೆ ಹಾಕುತ್ತೆ. ಗಡುವನ್ನು ಮುಚ್ಚಿಡೋ ಟೈಮರ್ ಯಾವುದೇ ಇರಲಿ, ಅದರ ಉದ್ದೇಶದ ಬಗ್ಗೆ ಅನುಮಾನ ಪಡಬೇಕು.

ಇನ್ನೊಂದು ಉದಾಹರಣೆ ನನಗೆ ತುಂಬಾ ಇಷ್ಟ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ, ಅರ್ಜಿ ಹಾಕಿ 30 ದಿನವಾದರೂ ಅಧಿಕಾರಿ ಉತ್ತರ ಕೊಡದಿದ್ದರೆ ಅವರು ನಿರಾಕರಿಸಿದ್ದಾರೆ ಎಂದೇ ಕಾನೂನು ಭಾವಿಸುತ್ತೆ. ಮೊದಲ ಸಲ ಓದಿದವರಿಗೆ ಇದು ಅನ್ಯಾಯ ಅನ್ನಿಸಬಹುದು. ಉತ್ತರ ಕೊಡದ ಅಧಿಕಾರಿಗೆ ಲಾಭವಾಯ್ತಲ್ಲ! ಆದರೆ ಯೋಚಿಸಿ. ಆ ಮೌನಕ್ಕೆ ‘ಇಲ್ಲ’ ಎಂಬ ಅರ್ಥ ಕೊಡದೇ ಇದ್ದಿದ್ದರೆ ಅರ್ಜಿದಾರ ಕಾಯುತ್ತಲೇ ಇರಬೇಕಾಗಿತ್ತು. ‘ಪರಿಶೀಲನೆಯಲ್ಲಿದೆ’ ಎಂಬ ಒಂದು ಪದದಲ್ಲಿ ವರ್ಷಗಟ್ಟಲೆ ಕೊಳೆಸೋದು ನಮಗೆ ಗೊತ್ತಿರೋದೇ ತಾನೇ? ನಿರಾಕರಣೆ ಅಂತಾದ ಕೂಡಲೇ ಮೇಲ್ಮನವಿಯ ಬಾಗಿಲು ತೆರೆಯುತ್ತೆ. ಇಲ್ಲಿ ಸುಮ್ಮನಿದ್ದವನು ಬಲಿಷ್ಠ, ಅವನ ಮೌನಕ್ಕೆ ಅರ್ಥ ಕೊಟ್ಟಿದ್ದು ದುರ್ಬಲನ ಅನುಕೂಲಕ್ಕೆ.

ಅಂದರೆ ಮೌನಕ್ಕೆ ತನ್ನದೇ ಆದ ಅರ್ಥ ಇಲ್ಲ. ಯಾರೋ ಮೊದಲೇ ಅದಕ್ಕೊಂದು ಅರ್ಥ ಹಚ್ಚಿಟ್ಟಿರ್ತಾರೆ. ಯಾರು ಹಚ್ಚಿದ್ದು, ಯಾರಿಗಾಗಿ, ಅದು ತಗುಲೋರಿಗೆ ಗೊತ್ತಾ ಅನ್ನೋದನ್ನು ಕೇಳಬೇಕು. ಈ ಕೊನೆಯ ಮಾತು ನನಗೆ ಹೊಳೆದದ್ದು ಎರಡನೆಯ ಪ್ರಶ್ನೆಯಿಂದ.

ಅದನ್ನು ಕೇಳಿದ್ದು ಒಂದು ಆಸ್ಪತ್ರೆಯ ವಾರ್ಡಿನ ನರ್ಸಿಂಗ್ ಇನ್‌ಚಾರ್ಜ್. ರಾತ್ರಿ ಅವರ ಮಹಡಿಯ ಸ್ವಿಚ್‌ನಲ್ಲಿ ಕೆಲಸ ಇತ್ತು. ಮೊದಲೇ ಫೋನ್ ಮಾಡಿ, ಹೀಗೆ ಹೀಗೆ, ಎಲ್ಲ ಸರಿ ಹೋದರೆ ನಿಮಗೆ ಏನೂ ಗೊತ್ತಾಗಲ್ಲ, ಸರಿ ಹೋಗದಿದ್ದರೆ ಹತ್ತು ನಿಮಿಷಕ್ಕೆ ರೀಸ್ಟಾರ್ಟ್ ಆಗುತ್ತೆ ಅಂತ ವಿವರಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡು, ‘ತಪ್ಪು ನಿಮ್ಮದು, ರೀಸ್ಟಾರ್ಟ್ ನಮ್ಮದಾ?’ ಅಂದರು.

ನೇರ ಏಟು. ಯಾಕೆಂದರೆ ಆ ಡಬ್ಬಿಯಲ್ಲಿ 48 ಪೋರ್ಟುಗಳಿವೆ. ನಾನು ಮುಟ್ಟುತ್ತಿರೋದು ಒಂದನ್ನು. ರೀಸ್ಟಾರ್ಟ್ ಆದರೆ ಬೀಳೋದು ನಲವತ್ತೆಂಟೂ. ಎಷ್ಟೋ ಫೋನುಗಳಿಗೆ, ವೈಫೈ ಡಬ್ಬಿಗಳಿಗೆ ಕರೆಂಟ್ ಬರೋದೂ ಅದೇ ನೆಟ್‌ವರ್ಕ್ ಕೇಬಲ್ಲಿನಿಂದ. ಅವೂ ಸತ್ತು ಎದ್ದು ಬರಬೇಕು. ಸ್ವಿಚ್ ಏಳೋಕೆ ನಾಲ್ಕೈದು ನಿಮಿಷ, ಕೆಲವಕ್ಕೆ ಇನ್ನೂ ಹೆಚ್ಚು. ಆ ನಿಮಿಷಗಳಲ್ಲಿ ವಾರ್ಡಿನಿಂದ ಡ್ಯೂಟಿ ಡಾಕ್ಟರಿಗೆ ಫೋನ್ ಹೋಗೋದಿಲ್ಲ. ಎಲ್ಲ ಸರಿಯಾಗಿದ್ದು ರದ್ದು ಮಾಡೋದು ಮರೆತರೂ ಇದೇ ಗತಿ. ವರ್ಷಗಟ್ಟಲೆ ಒಂದೇ ಸಮ ಓಡಿದ ಹಳೇ ಸ್ವಿಚ್ಚಾದರೆ ಬಿದ್ದಿದ್ದು ಏಳದೇ ಇರುವ ಸಾಧ್ಯತೆಯೂ ಇದೆ. ನನ್ನ ವಿನಯದ ಖರ್ಚನ್ನು ಪರರ ಖಾತೆಗೆ ಹಾಕಿದ ಹಾಗಾಯ್ತಲ್ಲ?

ಇದಕ್ಕೆ ಸುಲಭದ ಉತ್ತರ, ಟೈಮರ್ ಇಲ್ಲದಿದ್ದರೆ ಇನ್ನೂ ಕೆಟ್ಟದಾಗುತ್ತೆ ಅನ್ನೋದು. ಅದು ಸುಳ್ಳಲ್ಲ. ತಮ್ಮ ದಾರಿಯನ್ನೇ ಕಳಕೊಂಡವರ ಪಾಡು ಏನಾಗುತ್ತೆ ಅಂತ ಜಗತ್ತು ನೋಡಿದೆ. 2021ರ ಅಕ್ಟೋಬರ್ 4ರಂದು ಮಾಮೂಲು ನಿರ್ವಹಣೆಯ ನಡುವೆ ಕೊಟ್ಟ ಒಂದು ಕಮಾಂಡ್ ಫೇಸ್‌ಬುಕ್‌ನ ಬೆನ್ನೆಲುಬಿನ ನೆಟ್‌ವರ್ಕನ್ನೇ ಕಡಿದು ಹಾಕಿತು. ಅಂಥ ಕಮಾಂಡನ್ನು ತಡೆಯಬೇಕಿದ್ದ ಪರಿಶೀಲನಾ ಸಾಧನದಲ್ಲೇ ದೋಷವಿತ್ತು. ಫೇಸ್‌ಬುಕ್ಕು, ವಾಟ್ಸ್‌ಆ್ಯಪ್ಪು, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ಇಲ್ಲ. ಸರಿಪಡಿಸಬೇಕಾದವರಿಗೂ ಒಳಗೆ ಹೋಗೋಕೆ ದಾರಿ ಇಲ್ಲ, ಅವರ ಒಳಗಿನ ಸಾಧನಗಳೂ ಬಿದ್ದಿದ್ದವು. ಇಂಜಿನಿಯರುಗಳನ್ನು ಡೇಟಾ ಸೆಂಟರಿಗೆ ಖುದ್ದಾಗಿ ಕಳಿಸಬೇಕಾಯ್ತು. 2022ರ ಜುಲೈ 8ರಂದು ಕೆನಡಾದ ರಾಜರ್ಸ್ ಕಂಪನಿಯ ನೆಟ್‌ವರ್ಕ್‌ನಲ್ಲಿ ಒಂದು ಫಿಲ್ಟರ್ ತೆಗೆದದ್ದಕ್ಕೆ 1.2 ಕೋಟಿಗೂ ಹೆಚ್ಚು ಗ್ರಾಹಕರ ಫೋನು, ಇಂಟರ್ನೆಟ್ ನಿಂತವು. ಎಷ್ಟೋ ಜನರಿಗೆ ತುರ್ತು ಸಂಖ್ಯೆ 911 ಕೂಡ ಸಿಗಲಿಲ್ಲ. ಆ ಎರಡೂ ದಿನ ಒಂದು ಟೈಮರ್ ಇದ್ದಿದ್ದರೆ ಎಲ್ಲ ಸರಿಹೋಗ್ತಿತ್ತು ಅಂತ ನಾನು ಹೇಳ್ತಿಲ್ಲ, ಅಷ್ಟು ದೊಡ್ಡ ವ್ಯವಸ್ಥೆಗಳು ಅಷ್ಟು ಸರಳವಲ್ಲ. ಹಿಂದಿರುಗೋ ದಾರಿ ಮುಚ್ಚಿದಾಗ ನಿಮಿಷಗಳು ಗಂಟೆಗಳಾಗ್ತವೆ, ಅಷ್ಟೇ.

ಆದರೆ ‘ಇದಕ್ಕಿಂತ ಕೆಟ್ಟದ್ದಿತ್ತು’ ಅನ್ನೋದು ಆ ಇನ್‌ಚಾರ್ಜ್ ಪ್ರಶ್ನೆಗೆ ಉತ್ತರ ಅಲ್ಲ. ಆಕೆ ಕೇಳಿದ್ದು ಎಷ್ಟು ನಿಮಿಷ ಅಂತಲ್ಲ, ಯಾರನ್ನು ಕೇಳಿ ಅಂತ. ಐದು ನಿಮಿಷದ ನಷ್ಟ ಐದು ಗಂಟೆಯದಕ್ಕಿಂತ ಸಣ್ಣದು ಅನ್ನೋ ಲೆಕ್ಕ ಸರಿ, ಆದರೆ ಆ ಐದು ನಿಮಿಷ ಯಾವುದು ಅಂತ ತೀರ್ಮಾನಿಸೋಕೆ ನಾನು ಯಾರು? ಆ ವಾರ್ಡಿನಲ್ಲಿ ಯಾವ ಐದು ನಿಮಿಷ ಅಗ್ಗ, ಯಾವುದು ದುಬಾರಿ ಅಂತ ಗೊತ್ತಿರೋದು ಅವರಿಗೆ. ಹಾಗಾಗಿ ಸಮಯವನ್ನು ಅವರೇ ಹೇಳಲಿ ಅಂದೆ. ನಾನು ಕೇಳಿದ್ದು ರಾತ್ರಿ ಹನ್ನೆರಡು. ಅವರು, ಎರಡು ಗಂಟೆಯ ಔಷಧಿ ಕೊಟ್ಟು ಮುಗಿದ ಮೇಲೆ, ಎರಡೂಮುಕ್ಕಾಲು ಅಂದರು. ಆ ಹೊತ್ತಿಗೆ ಒಬ್ಬರನ್ನು ಮೊಬೈಲ್ ಹಿಡಿದು ನರ್ಸ್ ಸ್ಟೇಷನ್ನಿನಲ್ಲಿ ನಿಲ್ಲಿಸಿದರು. ರೀಸ್ಟಾರ್ಟ್ ಬೇಕಾಗಲಿಲ್ಲ, ಬದಲಾವಣೆ ಸರಿಯಾಗಿ ಕೂತಿತು, ರದ್ದು ಮಾಡಿ ಸೇವ್ ಮಾಡಿ ತಿಳಿಸಿದೆ. ‘ಸರಿ’ ಅಂತ ಒಂದೇ ಪದದ ಉತ್ತರ ಬಂತು. ಅಪಾಯ ಅಷ್ಟೇ ಇತ್ತು, ನಿಮಿಷಗಳೂ ಅಷ್ಟೇ. ಬದಲಾದದ್ದು ಒಂದು ವಿಷಯ: ಬೀಳಬಹುದಾದವರಿಗೆ ಗಡುವು ಗೊತ್ತಿತ್ತು, ಅದನ್ನು ಇಡೋದರಲ್ಲಿ ಅವರ ಕೈಯೂ ಇತ್ತು.

ಈ ಟೈಮರಿನ ಬಗ್ಗೆ ಇನ್ನೊಂದು ಸೂಕ್ಷ್ಮ ಇದೆ, ಹೊಸಬರು ಎಡವೋದು ಅಲ್ಲೇ. ಸೇವ್ ಆಗದ ಬದಲಾವಣೆ ಇದ್ದಾಗ ‘ರಿಲೋಡ್ ಇನ್ 10’ ಅಂದರೆ ಯಂತ್ರ ಕೇಳುತ್ತೆ, ‘ಸೆಟ್ಟಿಂಗ್ ಬದಲಾಗಿದೆ, ಸೇವ್ ಮಾಡಲಾ?’ ನಮ್ಮ ಬೆರಳುಗಳಿಗೆ ‘ಯೆಸ್’ ಅನ್ನೋ ಅಭ್ಯಾಸ. ಆದರೆ ತಪ್ಪು ಬದಲಾವಣೆ ಆಗಲೇ ಆಗಿದ್ದು ಯೆಸ್ ಅಂದರೆ ಟೈಮರ್ ದಂಡ. ಹತ್ತು ನಿಮಿಷದ ನಂತರ ಯಂತ್ರ ಬಿದ್ದು, ಅದೇ ತಪ್ಪಿನೊಳಗೆ ಎದ್ದು ಬರುತ್ತೆ. ಇದರ ಇನ್ನೊಂದು ಮುಖ ಇನ್ನೂ ಮುಖ್ಯ. ಯಂತ್ರ ವಾಪಸ್ ಹೋಗೋದು ನಿನ್ನೆಗೆ ಅಲ್ಲ, ಕೊನೆಯ ಸಲ ಬರೆದಿಟ್ಟದ್ದಕ್ಕೆ. ಆರು ತಿಂಗಳ ಹಿಂದೆ ಯಾರೋ ಒಂದು ಬದಲಾವಣೆ ಮಾಡಿ ಸೇವ್ ಮಾಡದೇ ಹೋಗಿದ್ದರೆ, ಇಷ್ಟು ದಿನ ಎಲ್ಲರೂ ಬದುಕಿದ್ದು ಆ ಬರೆಯದ ಸೆಟ್ಟಿಂಗಿನಲ್ಲಿ. ರೀಸ್ಟಾರ್ಟ್ ಆದರೆ ಅದೂ ಅಳಿಸಿಹೋಗುತ್ತೆ. ಅದಕ್ಕೇ ಟೈಮರ್ ಇಡೋ ಮುಂಚೆ ಓಡುತ್ತಿರೋದನ್ನೂ ಬರೆದಿಟ್ಟದ್ದನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಕಳೆದ ವರ್ಷ ನಮ್ಮ ತಂದೆ ಒಂದು ಕಾಗದ ಬರೆದಾಗ ನನಗೆ ನೆನಪಾದದ್ದು ಇದೇ. ಅವರಿಗೆ ಎಪ್ಪತ್ನಾಲ್ಕು, ರಿಟೈರ್ಡ್ ಮೇಷ್ಟ್ರು, ಆರೋಗ್ಯವಾಗಿದ್ದಾರೆ. ಕಾಗದ ಏನು ಅಂದರೆ, ಮುಂದೆ ಗುಣವಾಗದ ಸ್ಥಿತಿಯಲ್ಲಿ ತಾನು ಮಾತಾಡೋಕೆ ಆಗದಿದ್ದಾಗ ಯಂತ್ರಗಳ ಮೇಲೆ ತನ್ನನ್ನು ಎಳೆಯಬಾರದು ಎಂಬ ನಿರ್ದೇಶನ. ಲಿವಿಂಗ್ ವಿಲ್ ಅಂತಾರಲ್ಲ, ಅದು. ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಇದನ್ನು ಮಾನ್ಯ ಮಾಡಿತು. 2023ರಲ್ಲಿ ವಿಧಾನವನ್ನು ಸರಳ ಮಾಡಿತು: ಮ್ಯಾಜಿಸ್ಟ್ರೇಟರ ಬದಲು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ, ಇಬ್ಬರು ಸಾಕ್ಷಿಗಳೊಂದಿಗೆ. ಆಮೇಲೂ ಆಸ್ಪತ್ರೆಯಲ್ಲಿ ಎರಡು ವೈದ್ಯಕೀಯ ಮಂಡಳಿಗಳು ಒಪ್ಪಬೇಕು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಇದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ಅಪ್ಪ ಪೇಪರಿನಲ್ಲಿ ಓದಿದ್ದು ಅದನ್ನೇ.

ಕಾಗದದಲ್ಲಿ ನನ್ನ ಹೆಸರೂ ಅಕ್ಕನ ಹೆಸರೂ ಇದೆ. ‘ನನಗೆ ಮಾತಾಡಕ್ಕಾಗ್ದೇ ಇದ್ದಾಗ ನೀವಿಬ್ರೂ ಜಗಳ ಆಡೋದು ಬೇಡ’ ಅಂದರು. ಅಕ್ಕ ಅಳಲಿಲ್ಲ, ಒಂದು ಪ್ರಶ್ನೆ ಕೇಳಿದಳು. ‘ಆಗ ನಿಮ್ಮ ಮನಸ್ಸು ಬದಲಾಗಿದ್ರೆ?’

ಈ ಪ್ರಶ್ನೆಯ ಮುಂದೆ ನನ್ನ ಕಸುಬಿನ ಜ್ಞಾನ ಅರ್ಧ ದಾರಿಗೆ ನಿಲ್ಲುತ್ತೆ. ಸ್ವಿಚ್‌ನಲ್ಲಿ ಬೀಳೋದು ಎಂದರೆ ಎದ್ದು ಬರೋದು. ಇಲ್ಲಿ ಹಿಂದಿನ ಸ್ಥಿತಿ ಎಂಬುದು ಇಲ್ಲ, ಪರೀಕ್ಷೆ ಮಾಡಿ ನೋಡೋದು ಇಲ್ಲ, ರದ್ದು ಮಾಡೋಕೆ ಅವರೇ ವಾಪಸ್ ಬರೋದೂ ಇಲ್ಲ. ಹಾಗಾಗಿ ಇದನ್ನು ಟೈಮರ್ ಅಂತ ಕರೆದರೆ ತಪ್ಪಾಗುತ್ತೆ. ಆದರೆ ಅರ್ಧ ದಾರಿವರೆಗಾದರೂ ಬರುತ್ತೆ. ಆಸ್ಪತ್ರೆಯಲ್ಲಿ ಮಾತಿಲ್ಲದೆ ಮಲಗಿದವರ ಮೌನಕ್ಕೆ ಈಗಲೂ ಒಂದು ಅರ್ಥ ಹಚ್ಚಿಯೇ ಇದೆ: ‘ಮುಂದುವರಿಸಿ.’ ಹೆಚ್ಚು ಸಲ ಅದೇ ಸರಿ. ಅಪ್ಪ ಮಾಡಿದ್ದು, ತನ್ನ ಮೌನದ ಅರ್ಥವನ್ನು ತಾನೇ, ಮಾತು ಇರುವಾಗಲೇ, ಅದು ತಗುಲೋ ನಮ್ಮೆದುರಿಗೇ ಕೂತು ಬರೆದದ್ದು. ಅಕ್ಕ ಕೇಳಿದ್ದು, ಓಡುತ್ತಿರೋದೂ ಬರೆದಿಟ್ಟದ್ದೂ ಒಂದೇನಾ ಅಂತ. ಅದಕ್ಕೆ ಒಂದೇ ದಾರಿ ಇರೋದು, ಮಾತಿರೋ ತನಕ ಕೇಳ್ತಾ ಇರೋದು. ವರ್ಷಕ್ಕೊಮ್ಮೆ, ಯುಗಾದಿಗೆ ಎಲ್ಲರೂ ಸೇರಿದಾಗ ಆ ಕಾಗದ ತೆಗೆದು ಓದೋದು ಅಂತ ತೀರ್ಮಾನಿಸಿದ್ದೀವಿ. ಈ ವರ್ಷ ಓದಿದೆವು. ಅಪ್ಪ ಒಂದು ಸಾಲು ಬದಲಾಯಿಸಬೇಕು ಅಂದರು, ಹಾಗಾಗಿ ಹೊಸ ಕಾಗದ, ಮತ್ತೆ ಸಾಕ್ಷಿಗಳು, ಮತ್ತೆ ನೋಟರಿ. ಅವತ್ತು ಊಟಕ್ಕೆ ಸ್ವಲ್ಪ ತಡವಾಯ್ತು, ಯಾರೂ ಏನೂ ಅನ್ನಲಿಲ್ಲ.

ಆ ದಿನ ಬಂದರೆ ಹೇಳಬೇಕಾದವನು ನಾನು. ಕಾಗದ ಇದೆ ಅಂತ ಅದು ಹಗುರಾಗುತ್ತೆ ಅಂತ ನನಗೆ ಅನ್ನಿಸೋದಿಲ್ಲ. ಆದರೆ ನಾನು ಅವರ ಮೌನವನ್ನು ನನಗೆ ಬೇಕಾದ ಹಾಗೆ ಓದೋದು ಮಾತ್ರ ತಪ್ಪುತ್ತೆ.

ನಿಮ್ಮನ್ನು ಎಲ್ಲರೂ ಹೋಗಿ ವಿಲ್ ಬರೆಯಿರಿ ಅಂತ ಹೇಳೋಕೆ ಇದನ್ನೆಲ್ಲ ಹೇಳಲಿಲ್ಲ. ಈ ವಾರ ಒಂದು ಸಣ್ಣ ಕೆಲಸ ಮಾಡಿ ನೋಡಿ. ನೀವು ಸುಮ್ಮನಿದ್ದರೆ ತಾನಾಗೇ ನಡೆದುಹೋಗೋ ಸಂಗತಿಗಳು ಯಾವುವು ಅಂತ ಒಂದು ಪಟ್ಟಿ ಮಾಡಿ. ಕಟ್ ಆಗೋ ಸಬ್‌ಸ್ಕ್ರಿಪ್ಷನ್ನು, ಶುಕ್ರವಾರದ ಆ ಮೇಲು, ನೀವು ಮಾತಾಡಲಿಲ್ಲ ಅಂತ ಮನೆಯಲ್ಲಿ ನಿಮ್ಮ ಹೆಸರಲ್ಲಿ ಆದ ತೀರ್ಮಾನ. ಆಮೇಲೆ ಇನ್ನೊಂದು ಪಟ್ಟಿ: ಬೇರೆ ಯಾರ ಮೌನವನ್ನು ನೀವು ‘ಹೂಂ’ ಅಂತ ಓದಿಕೊಂಡು ಮುಂದೆ ಹೋಗ್ತಿದ್ದೀರಿ. ಟೀಮಿನಲ್ಲಿ ಮೀಟಿಂಗಲ್ಲಿ ಬಾಯಿ ಬಿಡದ ಹುಡುಗಿ, ‘ಅವರಿಗೇನೂ ತೊಂದ್ರೆ ಇಲ್ಲ’ ಅಂತ ನೀವು ಅಂದುಕೊಂಡ ಅಮ್ಮ. ಎರಡನೆಯ ಪಟ್ಟಿ ಮೊದಲನೆಯದಕ್ಕಿಂತ ಉದ್ದ ಇದ್ದರೆ, ಅದರಲ್ಲಿ ಒಬ್ಬರಿಗಾದರೂ ಫೋನ್ ಮಾಡಿ ಕೇಳಿ. ಮಾತು ಇರೋವಾಗ.